ಓರೆಗಣ್ಣಿಗೆ ಕಂಡ ಧೂಮಕೇತು

ಕೇಪ್ ಟೌನಿಗೆ ಹೋಗಿಬಂದವರು ಅಲ್ಲಿನ ಚಪ್ಪಟೆ ಬೆಟ್ಟದ ಫೋಟೊ ತರುತ್ತಾರೆ. ನಾನು ಮತ್ತು ನಾಗರತ್ನ ಮೇಡಂ ಆ ಬೆಟ್ಟವನ್ನು ಸರಿಯಾಗಿ ನೋಡಲೇ ಇಲ್ಲ. ಹೋದ ದಿನ ಅದರ ಮೇಲೆ ಮೋಡ ಕೂತಿತ್ತು, ಬರುವ ದಿನ ನಾವಿಬ್ಬರೂ ಮಾತಿನಲ್ಲಿ ಮುಳುಗಿದ್ದೆವು. ನಡುವಿನ ದಿನಗಳನ್ನು ಕಳೆದದ್ದು ಅಲ್ಲಿಂದ ನಾಲ್ಕೈದು ಗಂಟೆ ಒಳನಾಡಿಗೆ ಹೋದರೆ ಸಿಗುವ ಕರೂ ಎಂಬ ಬಯಲಿನಲ್ಲಿ, ಒಂದು ಕುರಿ ಫಾರ್ಮಿನಲ್ಲಿ.

"ಅಷ್ಟು ದೂರ ಹೋಗಿ ಕುರಿ ಫಾರ್ಮಲ್ಲಿ ಏನ್ ಮಾಡಿದ್ರಿ ಆಂಟಿ?" ಎಂದು ನನ್ನ ಕನ್ನಡಕದ ಅಂಗಡಿಗೆ ಬರುವವರು ಕೇಳುತ್ತಾರೆ. ಧೂಮಕೇತು ನೋಡಲು ಹೋಗಿದ್ದೆವು ಎಂದರೆ ಅವರ ಕಣ್ಣರಳುತ್ತದೆ. ತೊಂಬತ್ತರ ದಶಕದಲ್ಲಿ ಸಂಜೆ ಹೊತ್ತು ಬಾಲ ಬಿಟ್ಟುಕೊಂಡು ಬರಿಗಣ್ಣಿಗೇ ಕಾಣುತ್ತಿತ್ತಲ್ಲ, ಅಂಥದ್ದು ಎಂದುಕೊಳ್ಳುತ್ತಾರೆ. ಅಂಥದ್ದಲ್ಲ. ಕನ್ನಡಕದ ಗಾಜಿನ ಮೇಲೆ ಉಸಿರು ಬಿಟ್ಟರೆ ಒಂದು ಗಳಿಗೆ ಮಂಜು ನಿಂತು ಹೋಗುತ್ತದಲ್ಲ, ಅದರ ಕೊನೆಯ ಚೂರಿನಷ್ಟು. ಅದೂ ದೂರದರ್ಶಕದಲ್ಲಿ.

ಕತ್ರಿಗುಪ್ಪೆಯ ತಾರಸಿ

ನಾಗರತ್ನ ಮೇಡಂ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಮದುವೆಯಾಗಿರಲಿಲ್ಲ, ಕತ್ರಿಗುಪ್ಪೆಯಲ್ಲಿ ತಮ್ಮನ ಮನೆಯ ಮಹಡಿಯ ಮೇಲಿದ್ದರು. ತೊಂಬತ್ತರ ದಶಕದ ಮೊದಲಲ್ಲಿ ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನ ನಮ್ಮ ಅಂಗಡಿಗೆ ಬಂದರು. ಅಪ್ಪ ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ.

"ಕನ್ನಡಕ ಬೇಡಮ್ಮ. ಗಾಜು ಉಜ್ಜೋ ಪುಡಿ ಇದ್ಯಾ ನಿಮ್ಮಲ್ಲಿ?"

"ಯಾತಕ್ಕೆ ಮೇಡಂ?"

"ದೂರದರ್ಶಕಕ್ಕೆ ಕನ್ನಡಿ ಮಾಡ್ಬೇಕು. ಆರು ಇಂಚಿಂದು."

ಪುಡಿ ಇತ್ತು. ಆದರೆ ಅದನ್ನು ಕೊಟ್ಟು ಕಳಿಸಿ ಸುಮ್ಮನಿರಲು ನನ್ನಿಂದಾಗಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಡ್ರಮ್ಮಿನ ಮೇಲೆ ಗಾಜಿಟ್ಟು, ಅದರ ಸುತ್ತ ಪ್ರದಕ್ಷಿಣೆ ಹಾಕುತ್ತ, ಭಾನುವಾರ ಭಾನುವಾರ ಇಬ್ಬರೂ ಉಜ್ಜಿದೆವು. ಕನ್ನಡಿ ಆಗುವಷ್ಟರಲ್ಲಿ ಆಕೆ ನನ್ನನ್ನು ಏಕವಚನದಲ್ಲಿ ಕರೆಯುವಷ್ಟು ಹತ್ತಿರವಾಗಿದ್ದರು.

ಮೇಡಂಗೆ ಗ್ರಹಗಳ ಮೇಲೆ ಅಂಥ ಆಸೆಯಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಸುಕು ಧೂಮಕೇತುಗಳು. "ದೊಡ್ಡದನ್ನ ಊರೆಲ್ಲ ನೋಡುತ್ತೆ ಶಾರದಾ. ಈ ಚಿಕ್ಕವು ಅಷ್ಟು ದೂರದಿಂದ ಬರ್ತವೆ, ಯಾರೂ ತಿರುಗಿ ನೋಡೋದ್ರೊಳಗೆ ಹೋಗ್ಬಿಡ್ತವೆ, ಪಾಪ" ಎನ್ನುತ್ತಿದ್ದರು. ಬೆಳಗಿನ ಜಾವ ನಾನು ಸ್ಕೂಟರಿನಲ್ಲಿ ಕತ್ರಿಗುಪ್ಪೆಗೆ ಹೋಗುತ್ತಿದ್ದೆ. ಆಗ ಅವರ ಮನೆಯ ಹಿಂದೆ ಖಾಲಿ ಸೈಟುಗಳೇ ಹೆಚ್ಚು. ತಾರಸಿಯ ಮೇಲೆ ನಿಂತರೆ ದಕ್ಷಿಣಕ್ಕೆ ಕತ್ತಲು ಸಿಗುತ್ತಿತ್ತು. ನಮ್ಮದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಇಬ್ಬರೂ ಬೇರೆಬೇರೆಯಾಗಿ ನೋಡಬೇಕು, ಒಬ್ಬರಿಗೊಬ್ಬರು ಹೇಳದೆ ಕಂಡದ್ದನ್ನು ಕಾಗದದ ಮೇಲೆ ಬರೆಯಬೇಕು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಬೇಕು. ಎರಡರಲ್ಲೂ ಮಸುಕು ಒಂದೇ ಜಾಗದಲ್ಲಿದ್ದರೆ ಮಾತ್ರ ಕಂಡಿತು ಎಂದು ಲೆಕ್ಕ.

ಹೀಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ರಿಂಗ್ ರೋಡಿಗೆ ಹಳದಿ ದೀಪಗಳು ಬಂದವು. ಖಾಲಿ ಸೈಟುಗಳಲ್ಲಿ ಮೂರು ಅಂತಸ್ತಿನ ಮನೆಗಳೆದ್ದವು. ಅದೇ ಹೊತ್ತಿಗೆ ಮೇಡಂ ಒಂದು ದಿನ ಅಂಗಡಿಗೆ ಬಂದು, "ಬೋರ್ಡ್ ಮೇಲೆ ನೆಟ್ಟಗೆ ಗೆರೆ ಎಳೆದ್ರೆ ಮಧ್ಯದಲ್ಲಿ ಬಾಗುತ್ತೆ ಕಣೇ" ಎಂದರು. ನಾನು ಗಾಜಿನ ಮೇಲೆ ಗಾಜು ಬದಲಿಸಿ ನೋಡಿದೆ. ಯಾವುದೂ ಹೊಂದಲಿಲ್ಲ. ಡಾಕ್ಟರ ಬಳಿ ಕಳಿಸಿದೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ, ಕನ್ನಡಕದಿಂದ ಆಗುವುದೇನೂ ಇಲ್ಲ ಎಂದರು. ನನ್ನ ಕಸುಬು ನನ್ನ ಗೆಳತಿಗೆ ಉಪಯೋಗಕ್ಕೆ ಬರಲಿಲ್ಲ.

ಅದಾದ ಮೇಲಿನ ಒಂದು ಧೂಮಕೇತುವಿನ ವಿಷಯದಲ್ಲಿ ನಾನು ಮಾಡಿದ್ದನ್ನು ಬರೆಯದೆ ಈ ಪ್ರವಾಸದ ಕಥೆ ಹೇಳಲಾಗದು. ಐದು ಬೆಳಗು ಹುಡುಕಿದ್ದೆವು. ಐದನೆಯ ದಿನ ಮೇಡಂ ಏನನ್ನೋ ಕಂಡು, ಬರೆದು, ಕಾಗದವನ್ನು ಕುರ್ಚಿಯ ಮೇಲೆ ಮಗುಚಿಟ್ಟರು. ಅವರ ಮುಖದಲ್ಲಿ ತಿಂಗಳುಗಳಿಂದ ಕಾಣದಿದ್ದ ಸಂತೋಷ. ನಾನು ಕಣ್ಣಿಟ್ಟೆ. ಏನೂ ಇರಲಿಲ್ಲ. ಅವರು ನೀರು ಕುಡಿಯಲು ಕೆಳಗಿಳಿದಾಗ ಕಾಗದ ತಿರುಗಿಸಿ ನೋಡಿ, ನನ್ನ ಕಾಗದದಲ್ಲೂ ಅದೇ ಜಾಗಕ್ಕೆ ಒಂದು ಮಸುಕು ಬರೆದೆ.

ಆಕಾಶ ನೋಡುವ ನಮ್ಮ ಹವ್ಯಾಸಿಗಳ ಕೂಟದ ಪತ್ರಿಕೆಯಲ್ಲಿ ಎರಡೂ ಚಿತ್ರ ಅಚ್ಚಾದವು. ಸ್ವಲ್ಪ ದಿನಕ್ಕೆ ಆ ಧೂಮಕೇತುವಿನ ಸರಿಯಾದ ಜಾಗದ ವಿವರ ಬಂತು. ನಾವು ಬರೆದ ಜಾಗದಲ್ಲಿ ಅದು ಇರಲೇ ಇಲ್ಲ. ಸಭೆಯಲ್ಲಿ ಯಾರೋ ನಗುತ್ತ ಕೇಳಿದರು: "ಒಬ್ಬರು ತಪ್ಪಿದ್ರೆ ಸರಿ ಮೇಡಂ. ಇಬ್ಬರೂ ಒಂದೇ ಕಡೆ ಹೇಗೆ ತಪ್ಪಿದ್ರಿ?" ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ನನ್ನ ಕಡೆ ತಿರುಗಿದರು, ಅಷ್ಟೇ. ಆಮೇಲೆ ಅವರು ಸಭೆಗೆ ಹೋಗಲಿಲ್ಲ, ಅಂಗಡಿಗೂ ಬರಲಿಲ್ಲ. ನಾನೂ ತಾರಸಿ ಹತ್ತಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ತಮ್ಮನ ಕೈ ಹಿಡಿದುಕೊಂಡು ಬಂದರು. "ದಕ್ಷಿಣ ಧ್ರುವದ ಕಡೆ ಒಂದು ಬಂದಿದೆ. ನಮ್ಮೂರಿಂದ ಕಾಣಲ್ಲ. ಒಬ್ಬಳೇ ಹೋಗ್ಬೇಡ ಅಂತಾನೆ ಇವನು. ನೀನು ಬರ್ತೀಯಾ?"

ಹಳೆಯ ಮಾತು ಅವರು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಬರ್ತೀನಿ ಎಂದೆ.

ಕೇಪ್ ಟೌನ್

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ಚಟ್ನಿಪುಡಿ. ಅಧಿಕಾರಿ ಡಬ್ಬಿ ತೆರೆದು ಮೂಗಿನ ಹತ್ತಿರ ತಂದ, ಸರಿಯಾಗಿ ನಾಲ್ಕು ಸಲ ಸೀನಿದ, ಕಣ್ಣೊರೆಸಿಕೊಂಡು ಮುಚ್ಚಳ ಹಾಕಿ ವಾಪಸು ಕೊಟ್ಟ. ಗೊಜ್ಜವಲಕ್ಕಿಯ ಪೊಟ್ಟಣವನ್ನು ತೆರೆಯಲು ಅವನಿಗೆ ಧೈರ್ಯ ಬರಲಿಲ್ಲ.

ಊರು ಸಮುದ್ರ, ಗಾಳಿ, ಬಿಳಿ ಗೋಡೆಗಳಿಂದ ಚೆನ್ನಾಗಿಯೇ ಇತ್ತು. ಆದರೆ ಮೇಡಂಗೆ ಅದರಲ್ಲಿ ಆಸಕ್ತಿಯಿರಲಿಲ್ಲ. ರಾತ್ರಿ ತಂಗಿದ ಕೋಣೆಯ ಕಿಟಕಿ ತೆರೆಸಿ, "ಮೇಲೆ ಏನಾದ್ರೂ ಕಾಣುತ್ತಾ?" ಎಂದರು. ಬಂದರಿನ ದೀಪಗಳಿಂದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

"ಇಲ್ಲ ಮೇಡಂ."

"ಹಾಗಾದ್ರೆ ಇಲ್ಲೂ ಬನಶಂಕರಿ ಬಸ್ ಸ್ಟ್ಯಾಂಡೇ. ಮುಚ್ಚು."

ದಾರಿ

ಬಾಡಿಗೆ ಕಾರನ್ನು ನಾನೇ ಓಡಿಸಿದೆ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯೇ. ಜಯನಗರದ ಸಿಗ್ನಲ್ಲುಗಳಲ್ಲಿ ನುರಿತವಳಿಗೆ ಏನು ಭಯ ಎಂದುಕೊಂಡಿದ್ದೆ. ಭಯವಾದದ್ದು ಯಾರೂ ಇಲ್ಲದ್ದಕ್ಕೆ. ಬೆಟ್ಟಗಳನ್ನು ದಾಟಿದ ಮೇಲೆ ರಸ್ತೆ ಗೆರೆ ಎಳೆದ ಹಾಗೆ ಹೋಗುತ್ತದೆ. ಅರ್ಧ ಗಂಟೆಗೊಂದು ಗಾಡಿ ಎದುರಾದರೆ ಅದರ ಚಾಲಕ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾನೆ. ಮೊದಲ ಇಬ್ಬರಿಗೆ ನಾನು ಹೆದರಿ ಹಾರ್ನ್ ಮಾಡಿದೆ. ಆಮೇಲೆ ನಾನೂ ಬೆರಳೆತ್ತಲು ಕಲಿತೆ.

ದಾರಿ ಬದಿಯ ಒಂದು ಅಂಗಡಿಯಲ್ಲಿ ತಿನ್ನಲು ನಿಂತೆವು. ಮನೆಯಲ್ಲಿ ಮಾಡಿದ ಜಾಮು, ಒಣಗಿಸಿದ ಹಣ್ಣು, ಕುರಿಯ ಉಣ್ಣೆಯ ಟೋಪಿಗಳನ್ನಿಟ್ಟಿದ್ದರು. ಅಂಗಡಿಯ ಹುಡುಗಿ ಮೇಡಂ ಎದುರು ಬಂದು ನಿಂತು ಅಕ್ಕರೆಯಿಂದ "ತನ್ನಿ" ಎಂದಳು. ಮತ್ತೆ ಏನೋ ಹೇಳಿ ಮತ್ತೆ "ತನ್ನಿ" ಎಂದಳು.

ಮೇಡಂ ಗಾಬರಿಯಾದರು. "ಏನು ತರ್ಬೇಕಂತೆ ಕೇಳೇ."

ಏನೂ ತರಬೇಕಿರಲಿಲ್ಲ. ಅವರ ಭಾಷೆಯಲ್ಲಿ ಆಂಟಿ ಎನ್ನುವುದಕ್ಕೆ ಹಾಗೆ ಹೇಳುತ್ತಾರೆ. ಗುರುತಿಲ್ಲದ ಹಿರಿಯ ಹೆಂಗಸರನ್ನೆಲ್ಲ ಹಾಗೆಯೇ ಕರೆಯುವುದು, ಥೇಟ್ ನಮ್ಮ ಹಾಗೆ. ಅದು ತಿಳಿದ ಮೇಲೆ ಮೇಡಂ ಅರ್ಧ ದಾರಿ ನಗುತ್ತಲೇ ಇದ್ದರು. ಮಾಂಸ ಬೇಡವೆಂದು ನಾನು ಮೂರು ಸಲ ಹೇಳಿದ್ದಕ್ಕೆ ಆ ಹುಡುಗಿ ಕೋಳಿಯ ಸ್ಯಾಂಡ್‌ವಿಚ್ ತಂದಿಟ್ಟಿದ್ದಳು. ಅದು ಕೋಳಿ, ಮಾಂಸ ಎಲ್ಲಿ ಎಂಬುದು ಅವಳ ಪ್ರಾಮಾಣಿಕ ಪ್ರಶ್ನೆ. ಕಾರಿನಲ್ಲಿ ಕೂತು ಗೊಜ್ಜವಲಕ್ಕಿ ತಿಂದೆವು.

ಎರಡು ವರ್ಷಗಳ ನಂತರ ಅವರ ನಗು ಕೇಳಿದ್ದು ಅದೇ ಮೊದಲು. ಆ ಸಮಯದಲ್ಲೇ ನನ್ನ ತಪ್ಪನ್ನು ಹೇಳಿಕೊಂಡುಬಿಡಬೇಕು ಎನಿಸಿತು. ನಗು ನಿಂತುಬಿಡುತ್ತದಲ್ಲ ಎಂದು ಸುಮ್ಮನಾದೆ.

ಫಾರ್ಮ್, ಮೊದಲ ಸಂಜೆ

ನೆಲವೆಲ್ಲ ಕುರುಚಲು ಗಿಡ, ಕಂದು ಬಂಡೆ. ನಮ್ಮ ಚಿತ್ರದುರ್ಗದ ಕಡೆಯ ಬಂಡೆಗಳನ್ನು ತಂದು ಯಾರೋ ದೂರದೂರ ಹರಡಿಟ್ಟ ಹಾಗೆ. ತಗಡಿನ ಮಾಡಿನ ಒಂದು ಮನೆ, ನೀರೆತ್ತುವ ಒಂದು ಗಾಳಿಯಂತ್ರ. ಯಜಮಾನನ ಹೆಸರು ಕೂಸ್. ಆರಡಿಯ ಮೇಲಿದ್ದ, ಬಾಗಿಲಿಗೆ ತಲೆ ಬಗ್ಗಿಸಿ ಬರುವ ಗಂಡಸು. "ಇಷ್ಟು ದೊಡ್ಡ ಕೂಸಾ?" ಎಂದು ಮೇಡಂ ಕನ್ನಡದಲ್ಲಿ ಪಿಸುಗುಟ್ಟಿದರು. ಹೆಂಡತಿ ಎಲ್ಸಾ ಕಾಫಿಯ ಜೊತೆ ಇಟ್ಟಿಗೆಯಷ್ಟು ಗಟ್ಟಿಯಾದ ರಸ್ಕ್ ಕೊಟ್ಟಳು. ಅದ್ದಿ ತಿನ್ನಬೇಕು ಎಂದು ಮಾಡಿ ತೋರಿಸಿದಳು. ನಮ್ಮ ಅಯ್ಯಂಗಾರ್ ಬೇಕರಿಯ ರಸ್ಕಿಗೆ ಇದು ಅಣ್ಣ ಎಂದು ಮೇಡಂ ನಾಲ್ಕು ತಿಂದರು.

ಆಕಾಶ ನೋಡುವವರಿಗೆಂದು ಹಿತ್ತಲಿನ ಕಟ್ಟೆಯ ಮೇಲೆ ಅವರು ಒಂದು ದೊಡ್ಡ ದೂರದರ್ಶಕ ಇಟ್ಟಿದ್ದರು. ಕೂಸ್ ಮಾತ್ರ ಅದರಲ್ಲಿ ಕಣ್ಣಿಟ್ಟವನೇ ಅಲ್ಲ.

"ನೀವು ನೋಡೋಕೆ ಬಂದಿರೋದು ಮಳೆ ತರುತ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಇಲ್ಲ" ಎಂದರು ಮೇಡಂ.

"ಮತ್ತೆ ಯಾಕೆ ಬಂದ್ರಿ ಅಷ್ಟು ದೂರದಿಂದ?"

"ಅದೂ ದೂರದಿಂದಾನೇ ಬಂದಿದೆ."

ಕೂಸ್ ಇದನ್ನು ಸ್ವಲ್ಪ ಹೊತ್ತು ಯೋಚಿಸಿ, ಇದು ಸರಿಯಾದ ಉತ್ತರ ಎನ್ನುವಂತೆ ತಲೆಯಾಡಿಸಿದ.

ಕತ್ತಲಾದ ಮೇಲೆ ಹೊರಗೆ ಬಂದೆವು. ನನಗೆ ಆಕಾಶವೇ ಗುರುತು ಹತ್ತಲಿಲ್ಲ. ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧ ಉತ್ತರದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಕತ್ರಿಗುಪ್ಪೆಯಲ್ಲಿ ತೆಂಗಿನ ಗರಿಗಳ ಮಟ್ಟದಲ್ಲಿ ಕಾಣುವ ಅಗಸ್ತ್ಯ ಇಲ್ಲಿ ಎತ್ತರದಲ್ಲಿ ಉರಿಯುತ್ತಿದ್ದ. ದಕ್ಷಿಣಕ್ಕೆ ಹೋದ ಅಗಸ್ತ್ಯರು ತಿರುಗಿ ಬರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಬರದೆ ಇದ್ದದ್ದು ಯಾಕೆಂದು ಈಗ ಗೊತ್ತಾಯಿತು. ಅಷ್ಟರಲ್ಲಿ ದಕ್ಷಿಣದ ಕಡೆ ಕಣ್ಣು ಹೋಯಿತು.

"ಮೇಡಂ, ಮೋಡ ಬಂದಿದೆ. ಎರಡು ತುಂಡು. ದಕ್ಷಿಣಕ್ಕೇ."

"ಚಲಿಸ್ತಿದ್ಯಾ?"

ನೋಡಿದೆ. ಹತ್ತು ನಿಮಿಷವಾದರೂ ಕದಲಲಿಲ್ಲ. ಅವು ನಮ್ಮ ಆಕಾಶಗಂಗೆಯ ನೆರೆಯ ಎರಡು ಪುಟ್ಟ ಗೆಲಾಕ್ಸಿಗಳು. ಪುಸ್ತಕದಲ್ಲಿ ನೂರು ಸಲ ಓದಿದ್ದೆವು, ಒಮ್ಮೆಯೂ ನೋಡಿರಲಿಲ್ಲ. ಮೇಡಂ ನನ್ನ ತೋಳು ಹಿಡಿದು, ಮುಖವನ್ನು ಸ್ವಲ್ಪ ಓರೆ ಮಾಡಿ, ಬಹಳ ಹೊತ್ತು ನಿಂತರು. "ಬೆಳ್ಳಗೆ ಏನೋ ಇದೆ. ಅಂಚಲ್ಲಿ ಕಾಣುತ್ತೆ" ಎಂದರು. ಪ್ರಯಾಣದ ಸುಸ್ತಿಗೆ ಅಂದು ಅಷ್ಟೇ ಸಾಕಾಯಿತು.

ಮಲಗುವ ಮುಂಚೆ ಕೈಚೀಲದಿಂದ ಎರಡು ವಸ್ತು ತೆಗೆದರು. ಒಂದು ಆಕಾಶದ ನಕ್ಷೆ, ಅದರ ಮೇಲೆ ಅಂಗೈಯಗಲದ ಒಂದು ವೃತ್ತ. ಧೂಮಕೇತು ಅದರೊಳಗೆ ಎಲ್ಲೋ ಇದೆ. ಇನ್ನೊಂದು, ಅಂಟು ಹಾಕಿದ ಲಕೋಟೆ. "ಇದರಲ್ಲಿ ಯಾವ ದಿನ ಸರಿಯಾಗಿ ಎಲ್ಲಿರುತ್ತೆ ಅನ್ನೋದಿದೆ. ನನ್ನ ತಮ್ಮ ಸೈಬರ್ ಸೆಂಟರಲ್ಲಿ ಪ್ರಿಂಟ್ ತೆಗೆದು ಅಂಟಿಸಿಟ್ಟಿದ್ದಾನೆ. ಇದನ್ನ ಕೊನೇ ದಿನ ತೆಗೀಬೇಕು."

ಅದು ಯಾರಿಂದ ಬಚ್ಚಿಡಲು ಅಂಟಿಸಿದ್ದು ಎಂದು ನನಗೆ ತಿಳಿಯಿತು.

ಎರಡನೆಯ ಸಂಜೆ

ಕೊರೆಯುವ ಚಳಿ. ನಕ್ಷೆ ಓದಲು ಮೇಡಂಗೆ ಆಗುತ್ತಿರಲಿಲ್ಲ, ಆದ್ದರಿಂದ ವೃತ್ತದ ಅಂಚಿನ ನಕ್ಷತ್ರಕ್ಕೆ ದೂರದರ್ಶಕವನ್ನು ನಾನು ತಿರುಗಿಸಿ ಕೊಟ್ಟೆ. ಅಲ್ಲಿಂದ ಮುಂದೆ ಅವರ ಕೈ. ಹೊಲ ಉತ್ತ ಹಾಗೆ ಎಡದಿಂದ ಬಲಕ್ಕೆ, ಒಂದು ಕೂದಲು ಕೆಳಗೆ ಸರಿಸಿ ಬಲದಿಂದ ಎಡಕ್ಕೆ. ಆ ಕೈಗೆ ಏನೂ ಮರೆತಿರಲಿಲ್ಲ. ನಾನು ಚಳಿ ತಡೆಯಲಾರದೆ ಎರಡು ಸಲ ಅಡುಗೆಮನೆಗೆ ಹೋಗಿ ಎಲ್ಸಾಳ ಒಲೆಯ ಮುಂದೆ ನಿಂತು ಬಂದೆ.

ಮುಕ್ಕಾಲು ಗಂಟೆಯ ಮೇಲೆ ಮೇಡಂ ಕೈ ನಿಂತಿತು. "ಪೆನ್ ಕೊಡು" ಎಂದರು.

ದಪ್ಪ ಮೊನೆಯ ಪೆನ್ನಿನಲ್ಲಿ ಬರೆದು, ಕಾಗದವನ್ನು ಮಡಿಚಿ ತಮ್ಮ ಸ್ವೆಟರಿನೊಳಗೆ ಇಟ್ಟುಕೊಂಡರು. ಆಮೇಲೆ ಎದ್ದು, ಕೊಳವೆಯನ್ನು ಅಲುಗಿಸದೆ, "ಈಗ ನೀನು" ಎಂದರು.

ನಾನು ಕಣ್ಣಿಟ್ಟೆ. ಚೆಲ್ಲಿದ ರವೆಯಂತೆ ನಕ್ಷತ್ರಗಳು. ಮಸುಕು ಎಲ್ಲೂ ಇಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಅವರು ಕಾಯುತ್ತಿದ್ದರು. ಆ ಕಾಯುವಿಕೆ ನನಗೆ ಹಳೆಯ ಪರಿಚಯದ್ದು. "ಕಂಡಿತು" ಎಂದು ಒಂದು ಮಾತು ಅಂದರೆ ಆ ಮುಖ ಹೇಗೆ ಅರಳುತ್ತದೆ ಎಂದೂ ಗೊತ್ತಿತ್ತು.

"ನಂಗೆ ಕಾಣ್ತಿಲ್ಲ ಮೇಡಂ."

ಗಾಳಿಯಂತ್ರ ಒಂದು ಸುತ್ತು ಕಿರುಗುಟ್ಟಿತು. "ಸರಿಯಾಗಿ ನೋಡಿದ್ಯಾ?"

"ನೋಡಿದೆ. ಇಲ್ಲ."

"ಈ ಮಾತು ಆವತ್ತು ನಮ್ಮ ತಾರಸಿ ಮೇಲೆ ಹೇಳಿದ್ದಿದ್ರೆ ಏನಾಗ್ತಿತ್ತು ಶಾರದಾ?"

ಎರಡು ವರ್ಷ ಕಾದಿದ್ದ ಪ್ರಶ್ನೆ.

"ನನಗೆ ಒಂದು ಧೂಮಕೇತು ತಪ್ಪುತ್ತಿತ್ತು. ಅಷ್ಟೇ ಅಲ್ವಾ? ಎಷ್ಟು ತಪ್ಪಿಲ್ಲ? ನೀನು ಕರುಣೆ ತೋರ್ಸಿದೆ. ಆವತ್ತಿಂದ ನನ್ನ ಕಣ್ಣು ಏನು ತೋರಿಸಿದ್ರೂ ನಂಗೆ ನಂಬಿಕೆ ಇಲ್ಲ. ನನ್ನ ಕಣ್ಣು ಸುಳ್ಳು ಹೇಳಿದ್ರೆ ಹಿಡಿಯೋಕೆ ನೀನಿದ್ದೆ. ನೀನೇ ಸುಳ್ಳು ಹೇಳಿದ್ರೆ ಯಾರನ್ನ ಕೇಳ್ಲಿ?"

"ತಪ್ಪಾಯ್ತು ಮೇಡಂ. ನಿಮ್ಮ ಕಾಗದ ನೋಡಿ ಬರೆದೆ."

"ಗೊತ್ತು ಕಣೇ. ನೀನು ಬಾಯ್ಬಿಟ್ಟು ಹೇಳ್ಲಿ ಅಂತ ಕಾಯ್ತಿದ್ದೆ."

ಅವರು ಅಳಲಿಲ್ಲ, ನಾನು ಅತ್ತೆ. ಅತ್ತದ್ದಕ್ಕೆ ಕಣ್ಣು ಇನ್ನೂ ಮಂಜಾಗಿ ಅಂದಿನ ಕೆಲಸ ಅಲ್ಲಿಗೇ ನಿಂತಿತು.

ಗೇಟು

ಮರುದಿನ ಬೆಳಗ್ಗೆ ಮನಸ್ಸು ಹಗುರ ಮಾಡಿಕೊಳ್ಳಲು ಒಬ್ಬಳೇ ನಡೆಯಲು ಹೋದೆ. ಬಯಲಿನಲ್ಲಿ ತಂತಿಬೇಲಿ, ಅದಕ್ಕೆ ಅಲ್ಲಲ್ಲಿ ಗೇಟು. ಒಂದನ್ನು ತೆರೆದು ದಾಟಿದವಳು ಮುಚ್ಚಲು ಮರೆತೆ. ನಮ್ಮೂರಲ್ಲಿ ಗೇಟು ತೆರೆದಿಟ್ಟರೆ ಹಸು ಬಂದು ಗುಲಾಬಿ ಗಿಡ ತಿನ್ನುತ್ತದೆ, ಬೈದು ಓಡಿಸುತ್ತೇವೆ. ಇಲ್ಲಿ ನಾನು ಹಿಂದಿರುಗುವಷ್ಟರಲ್ಲಿ ಬೇರೆ ಇಟ್ಟಿದ್ದ ಟಗರುಗಳೆಲ್ಲ ಹೆಣ್ಣು ಕುರಿಗಳ ಹಿಂಡಿಗೆ ನುಗ್ಗಿದ್ದವು. ಕೂಸ್, ಎಲ್ಸಾ, ಅವರ ನಾಯಿ, ನಾನು ನಾಲ್ವರೂ ಸೇರಿ ಬೇರೆ ಮಾಡಲು ಮಧ್ಯಾಹ್ನವಾಯಿತು. ನಾಯಿಯೊಂದೇ ನನ್ನ ಮೇಲೆ ಸಿಟ್ಟಾಗಿದ್ದದ್ದು.

ಕ್ಷಮೆ ಕೇಳಿದರೆ ಕೂಸ್ ಟೋಪಿ ತೆಗೆದು ಬೆವರೊರೆಸಿಕೊಂಡ. "ಐದು ತಿಂಗಳಿಗೆ ಮರಿ ಹುಟ್ಟುತ್ತವೆ. ಹೊತ್ತಲ್ಲದ ಹೊತ್ತಿನ ಮರಿ. ನಿಮ್ಮಿಬ್ಬರ ಹೆಸರಿಡ್ತೀನಿ" ಎಂದ.

ಇದನ್ನು ಕೇಳಿ ಮೇಡಂ, "ನಾಗರತ್ನ ಅನ್ನೋಕೆ ನಾಲಿಗೆ ಹೊರಳುತ್ತಾ ಅವನಿಗೆ?" ಎಂದರು. ಅವರು ನನ್ನ ಜೊತೆ ಮಾತಾಡಿದ್ದೇ ದೊಡ್ಡದಾಗಿತ್ತು.

ಸಂಜೆ ನಿಜವಾದ ಮೋಡಗಳೇ ಬಂದವು. ಕೂಸ್ ಅಂಗಳದಲ್ಲಿ ನಿಂತು ಆಸೆಯಿಂದ ಮೇಲೆ ನೋಡಿದ. ನಾವು ಒಳಗೆ ಕೂತು ಅದೇ ಮೋಡಗಳನ್ನು ಶಪಿಸಿದೆವು. ಒಂದು ಹನಿಯೂ ಬೀಳದೆ ಅವು ಬೆಳಗ್ಗೆ ಚದುರಿದವು. ಆ ಮನೆಯಲ್ಲಿ ಯಾರ ಪ್ರಾರ್ಥನೆಯೂ ಪೂರ್ತಿ ಸಲ್ಲಲಿಲ್ಲ.

ಕೊನೆಯ ಸಂಜೆ

ನಮ್ಮ ಪಾಲಿಗೆ ಉಳಿದದ್ದು ಒಂದೇ ಸಂಜೆ. ಮೇಡಂ ಹೊತ್ತು ಮುಳುಗುವ ಮೊದಲೇ ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು.

"ಮೊನ್ನೆ ನೀನು ಎರಡು ಸಲ ಒಳಗೆ ಹೋಗಿ ಬೆಳಕು ನೋಡ್ಕೊಂಡು ಬಂದೆ. ಹಾಗೆ ಮಾಡಿದ್ರೆ ಎಲ್ಲಿ ಕಾಣುತ್ತೆ? ಇವತ್ತು ಅಲ್ಲಾಡ್ಬೇಡ."

ಕೂಸ್ ಅಂಗಳದ ದೀಪ ಆರಿಸಿದ. ಕೇಳದೆಯೇ ಅಡುಗೆಮನೆಯ ಕಿಟಕಿಗೂ ಕಂಬಳಿ ಕಟ್ಟಿದ. ಎಲ್ಸಾ ನಮ್ಮಿಬ್ಬರ ಮೊಣಕಾಲಿನ ಮೇಲೆ ಬಿಸಿನೀರಿನ ರಬ್ಬರ್ ಚೀಲ ಇಟ್ಟು ಹೋದಳು. ಕತ್ತಲಲ್ಲಿ ಒಂದು ಗಂಟೆ ಸುಮ್ಮನೆ ಕೂತೆವು. ಸಣ್ಣ ಸಣ್ಣ ನಕ್ಷತ್ರಗಳು ಒಂದೊಂದಾಗಿ ಹೊರಬಂದವು.

ಮಸುಕಾದದ್ದನ್ನು ನೆಟ್ಟಗೆ ನೋಡಬಾರದು ಎಂಬುದು ಈ ಹವ್ಯಾಸದ ಮೊದಲ ಪಾಠ. ಕಣ್ಣಿನ ನಡುಭಾಗ ಹಗಲಿಗೆ ಮಾಡಿದ್ದು. ಇರುಳಲ್ಲಿ ಅದು ಎಲ್ಲರಿಗೂ ಹೆಚ್ಚುಕಡಿಮೆ ಕುರುಡೇ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಅಂಚಿನಲ್ಲಿ ಕಾಣುತ್ತದೆ. ಇಷ್ಟು ವರ್ಷ ಇದನ್ನು ನಾನು ನೂರಾರು ಜನಕ್ಕೆ ಹೇಳಿದ್ದೇನೆ. ಮೇಡಂಗೆ ನಡುಭಾಗವೇ ಹೋಗಿದೆ, ಉಳಿದಿರುವುದು ಅಂಚು ಎಂದೂ ಗೊತ್ತಿತ್ತು. ಈ ಎರಡು ಮಾತನ್ನು ಸೇರಿಸಿ ನೋಡಬೇಕೆಂದು ಮಾತ್ರ ಆ ಕಟ್ಟೆಯ ಮೇಲೆ ಕೂರುವವರೆಗೆ ನನಗೆ ಹೊಳೆದಿರಲಿಲ್ಲ. ಅಕ್ಷರ ಕಾಣದವರಿಗೆ ಧೂಮಕೇತು ಕಾಣುವುದು ಹೇಗೆ ಎಂದು ನಾನು ಅನುಮಾನಿಸುತ್ತಿದ್ದಾಗ, ಅವರು ಎರಡು ವರ್ಷದಿಂದ ಹಗಲೂ ಇರುಳೂ ಅಂಚಿನಲ್ಲಿ ನೋಡುವುದನ್ನೇ ಅಭ್ಯಾಸ ಮಾಡುತ್ತಿದ್ದರು. ಬೇರೆ ದಾರಿ ಅವರಿಗಿರಲಿಲ್ಲ.

ಈ ಸಲ ಮೇಡಂ ಬೇಗ ಹಿಡಿದರು. ಬರೆದರು, ಮಡಿಚಿದರು, ಜಾಗ ಬಿಟ್ಟುಕೊಟ್ಟರು.

"ಎಲ್ಲಿದೆ ಅಂತ ಹೇಳಲ್ಲ. ಹುಡುಕ್ಬೇಡ. ಕಣ್ಣನ್ನ ಸಡಿಲ ಬಿಡು. ಕೊಳವೆನ ಬೆರಳಲ್ಲಿ ಒಂದ್ಸಲ ಮೆಲ್ಲಗೆ ತಟ್ಟು."

ತಟ್ಟಿದೆ. ನಕ್ಷತ್ರಗಳು ನಡುಗಿದವು. ಅವುಗಳ ಜೊತೆ ಮೂಲೆಯಲ್ಲಿ ಇನ್ನೊಂದೇನೋ ನಡುಗಿತು. ಆ ಕಡೆ ತಿರುಗಿದೆ, ಇಲ್ಲ. ತಿರುಗುವುದನ್ನು ಬಿಟ್ಟೆ, ಬಂತು. ಬೆಳಕೆಂದು ಹೇಳಲಾರೆ, ಆ ಜಾಗದ ಕತ್ತಲು ಮಾತ್ರ ಸ್ವಲ್ಪ ತೆಳ್ಳಗಿತ್ತು. ಮತ್ತೆ ತಟ್ಟಿದೆ. ಅಲ್ಲೇ ಇತ್ತು. ಕಾಗದ ತೆಗೆದುಕೊಂಡು ಬರೆದೆ.

ಕತ್ತಲಿಗೆ ಒಗ್ಗಿದ ಕಣ್ಣನ್ನು ಕೆಡಿಸದ ಕೆಂಪು ದೀಪದ ಕೆಳಗೆ ಎರಡು ಕಾಗದ ಬಿಡಿಸಿದೆವು. ಮೇಡಂ ನೋಡಲಾರರು, ಹೇಳಬೇಕಾದದ್ದು ನಾನೇ. ಎರಡರಲ್ಲೂ ಮೂರು ನಕ್ಷತ್ರಗಳ ಒಂದು ಬಾಗು ಇತ್ತು. ಎರಡರಲ್ಲೂ ಮಸುಕು ಅದರ ಕೆಳತುದಿಯ ಹೊರಗಿತ್ತು.

"ನನ್ನದು ನಿಮ್ಮದಕ್ಕಿಂತ ಒಂದು ಕೂದಲು ಎಡಕ್ಕಿದೆ ಮೇಡಂ. ಮಿಕ್ಕಿದ್ದೆಲ್ಲ ಒಂದೇ."

"ಒಂದು ಕೂದಲು ವ್ಯತ್ಯಾಸ ಇದ್ಯಾ? ಒಳ್ಳೇದು. ಮೊನ್ನೆದು?"

ಲಕೋಟೆ ಒಡೆದೆ. ಒಳಗಿದ್ದ ಹಾಳೆಯಲ್ಲಿ ಧೂಮಕೇತುವಿನ ದಾರಿ, ದಿನಕ್ಕೊಂದು ಚುಕ್ಕಿ. ಇಂದಿನದು ಸರಿಯಿತ್ತು. ಎರಡನೆಯ ಸಂಜೆ, ನಾನು ಏನೂ ಇಲ್ಲ ಎಂದಿದ್ದ ಜಾಗದಲ್ಲಿ ಮೇಡಂ ದಪ್ಪ ಪೆನ್ನಿನಲ್ಲಿ ಬರೆದ ಮಸುಕನ್ನು ನಕ್ಷೆಯ ಮೇಲಿಟ್ಟು ಅಳೆದೆ. ಮತ್ತೊಮ್ಮೆ ಅಳೆದೆ.

"ಸರಿಯಿದೆ ಮೇಡಂ. ಮೊನ್ನೆ ಅದು ಅಲ್ಲೇ ಇತ್ತು. ನೀವು ನೋಡಿದ್ದು ಅದನ್ನೇ. ನಂಗೇ ಕಾಣ್ಲಿಲ್ಲ."

ಅವರು ಕೈ ಚಾಚಿ ಕಾಗದ ಎಲ್ಲಿದೆ ಎಂದು ತಡವಿ, ಅಂಗೈಯನ್ನು ಅದರ ಮೇಲೆ ಇಟ್ಟುಕೊಂಡು ಕೂತರು. ಆಮೇಲೆ, "ಇದು ಮತ್ತೆ ಬರೋದು ಯಾವಾಗ ಅಂತ ಬರ್ದಿದ್ಯಾ ಹಾಳೇಲಿ?" ಎಂದರು.

ಬರೆದಿತ್ತು. ನಮ್ಮ ಕಾಲದಲ್ಲಿ ಅಲ್ಲ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲದಲ್ಲೂ ಅಲ್ಲ.

"ಇನ್ನೊಂದ್ಸಲ ನೋಡ್ತೀನಿ ಹಾಗಾದ್ರೆ" ಎಂದು ಎದ್ದರು. ಅದು ಬೆಟ್ಟದ ಹಿಂದೆ ಇಳಿಯುವವರೆಗೂ ಕಣ್ಣು ತೆಗೆಯಲಿಲ್ಲ. ಇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದರು. ನಾನು ಕರೆಯಲಿಲ್ಲ.

ಹೊರಟ ದಿನ

ಎಲ್ಸಾ ರಸ್ಕಿನ ಒಂದು ದೊಡ್ಡ ಡಬ್ಬಿ ಕಟ್ಟಿಕೊಟ್ಟಳು. ಮೇಡಂ ಚಟ್ನಿಪುಡಿಯನ್ನು ಅವಳ ಕೈಗಿಟ್ಟು, ಮೂಸಬೇಡ ಎಂದು ಎಚ್ಚರಿಸಿದರು. ಇಬ್ಬರೂ ತಬ್ಬಿಕೊಂಡರು. ಕೂಸ್ ಕೊನೆಯ ಗೇಟಿನವರೆಗೆ ಬಂದು, ನಾನು ಅದನ್ನು ಮುಚ್ಚಿದ್ದನ್ನು ಕಣ್ಣಾರೆ ಕಂಡು, ಕೈ ಬೀಸಿದ.

ತುಂಬ ದೂರ ಬಂದ ಮೇಲೆ ಮೇಡಂ ಕೇಳಿದರು: "ಎಲ್ಸಾ ಮುಖ ಹೇಗಿತ್ತು ಶಾರದಾ?"

ಐದು ದಿನ ಅವಳ ಎದುರು ಕೂತು ಉಂಡವರು. ಗುಂಡು ಮುಖ, ಬಿಸಿಲಿಗೆ ಕೆಂಪಾದ ಮೂಗು, ನಕ್ಕರೆ ಒಂದು ಹಲ್ಲು ಅಡ್ಡ ಎಂದೆ. ತಲೆಯಾಡಿಸಿದರು. ಕುರುಚಲು ಗಿಡಗಳು ಹಿಂದೆ ಸರಿಯುತ್ತಲೇ ಇದ್ದವು. ಎದುರು ಬಂದ ಗಾಡಿಯೊಂದರ ಚಾಲಕ ಬೆರಳೆತ್ತಿದ, ನಾನು ಮರೆತೆ.

"ನೀನು ಹೇಗಾಗಿದೀಯ ಈಗ? ನಿನ್ನ ಮುಖ ನೋಡಿ ಎಷ್ಟೋ ದಿನ ಆಯ್ತು. ಎದುರಿಗೆ ನಿಂತ್ರೆ ಒಂದು ಬೂದಿ ಮುದ್ದೆ ಕಾಣುತ್ತೆ, ಧ್ವನಿ ಅದರೊಳಗಿಂದ ಬರುತ್ತೆ."

ನಾನು ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಮೇಲಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿಕೊಂಡೆ.

"ಮುಂದಲೆ ಬೆಳ್ಳಗಾಗಿದೆ ಮೇಡಂ. ಬಣ್ಣ ಹಾಕೋದು ಬಿಟ್ಟಿದೀನಿ. ಕೆನ್ನೆ ಇಳಿದಿದೆ. ಕಣ್ಣಿನ ಕೆಳಗೆ ಕಪ್ಪು. ಎಡಗಡೆ ಗಲ್ಲದ ಮೇಲೆ ಹೊಸದಾಗಿ ಒಂದು ಮಚ್ಚೆ ಬಂದಿದೆ. ನಮ್ಮಮ್ಮನಿಗೂ ಅಲ್ಲೇ ಇತ್ತು."

"ಚೆನ್ನಾಗಿದೀಯಾ?"

"ಅಷ್ಟೇನಿಲ್ಲ ಮೇಡಂ."

ಅವರು ನಕ್ಕರು. ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿಕೊಂಡರು.

"ಹೇಳು. ಇನ್ನೂ ಹೇಳು."

ನಾನು ಕನ್ನಡಿ ನೋಡಿಕೊಂಡು, ಇದ್ದದ್ದನ್ನು ಇದ್ದಹಾಗೆ, ಒಂದೊಂದಾಗಿ ಹೇಳುತ್ತ ಹೋದೆ.